ನೀಲಿ ದಾರದ ಪುಸ್ತಕ

ಬೆಳಕು ಇನ್ನೂ ಕಿಟಕಿಯ ಸರಳುಗಳನ್ನು ದಾಟಿಲ್ಲ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಚಕ್ರವೊಂದು ಕಿರುಗುಟ್ಟುತ್ತದೆ. ಅದರ ಹಿಂದೆ ಮಂಡಿನೋವಿನ ಕಾಲನ್ನು ಎಳೆದುಕೊಂಡು ಬರುವವರು ಎಲ್ಲರ ಬಾಯಲ್ಲೂ ಗಾಡಿ ಅಕ್ಕ. ಹಿಂದೆ ಊಟ ಹೊರುತ್ತಿದ್ದ ತಳ್ಳುಗಾಡಿಯಲ್ಲಿ ಈಗ ಹಳೆಯ ಪುಸ್ತಕಗಳು, ಕ್ಯಾಸೆಟ್ಟುಗಳು, ಅಂಟುಪಟ್ಟಿ ಸುತ್ತಿಸಿಕೊಂಡ ಟೇಪ್ ರೆಕಾರ್ಡರ್. ಚಕ್ರಕ್ಕೆ ಎಣ್ಣೆ ಬಿಡಲು ಅವರು ಒಪ್ಪುವುದಿಲ್ಲ.

"ಸದ್ದಿಲ್ದೆ ಬಂದ್ರೆ ಸೂಜಿ ಚುಚ್ಚೋರು ಬಂದ್ರು ಅಂತ ಹೆದರ್ತಾರೆ. ಇದು ಕೇಳಿಸಿದ್ರೆ, ಓ, ಕಥೆಯೋಳು, ನೋಯಿಸಲ್ಲ ಅಂತ ಕಣ್ಣು ಬಿಡ್ತಾರೆ," ಎನ್ನುತ್ತಾರೆ.

ನೆಲ ಒರೆಸುವ ಆಯಾ ಆಗಿ ಬಂದವರು, ಮಂಡಿ ಕೈಕೊಟ್ಟ ಮೇಲೆ ಈ ಗಾಡಿ ಹಿಡಿದಿದ್ದಾರೆ. ಯಾರನ್ನೂ ಕಾಯಿಲೆ ಏನೆಂದು ಕೇಳುವುದಿಲ್ಲ. ನಿದ್ದೆ ಬಾರದಾಗ ಯಾರು ನೆನಪಾಗುತ್ತಾರೆಂದು ಕೇಳುತ್ತಾರೆ, ಉತ್ತರ ನೋಡಿ ಪುಸ್ತಕ ಆರಿಸುತ್ತಾರೆ. ಎಲ್ಲಕ್ಕೂ ಸುದ್ದಿಪತ್ರಿಕೆಯ ಹೊದಿಕೆ. ಕಾಲು ಮುರಿದ ಲಾರಿ ಚಾಲಕ ಪ್ರೇಮಕಥೆ ಓದಿ ಕಣ್ಣೊರೆಸಿಕೊಳ್ಳುವುದು ಪಕ್ಕದ ಮಂಚದವನಿಗೆ ತಿಳಿಯಬಾರದಲ್ಲ. ಹೊದಿಕೆ ಹಾಕುವವರು, ದರ್ಜಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿರುವ ಅವರ ಗಂಡ. ಪುಸ್ತಕದ ಬೆನ್ನಿಗೆ ಗುರುತಿನ ದಾರ ಹೊಲಿಯುವವರೂ ಅವರೇ: ಪ್ರೀತಿಗೆ ಹಸಿರು, ನಗುವಿಗೆ ಹಳದಿ, ತನ್ನನ್ನು ತಾನು ಒಪ್ಪಿಕೊಂಡವರ ಕಥೆಗೆ ನೀಲಿ.

ಈ ಕೆಲಸ ಸಾಕೆನಿಸುವುದಿಲ್ಲವೇ ಎಂದು ಕೇಳಿದರೆ ಅಕ್ಕ ಮುಚ್ಚಿಡುವುದಿಲ್ಲ. ಖಾಲಿಯಾದ ಮಂಚದ ದಿಂಬಿನಡಿಯಿಂದ ಅರ್ಧ ಓದಿದ ಪುಸ್ತಕ ಎತ್ತಿಕೊಳ್ಳುವ ದಿನ ಗಾಡಿ ಭಾರವಾಗುತ್ತದಂತೆ.

ಸುಟ್ಟಗಾಯದ ವಾರ್ಡಿಗೆ ಬೇಕರಿಯ ಹೆಂಗಸೊಬ್ಬಳು ಬಂದಾಗ ಈ ದಾರವೇ ಅಕ್ಕನ ಕೈಬಿಟ್ಟಿತು. ಒಲೆಯ ಉರಿ ಅವಳ ಒಂದು ಕೆನ್ನೆ, ಒಂದು ಕಿವಿಯನ್ನು ತಿಂದಿತ್ತು. ಕೌಂಟರಿನಲ್ಲಿ ನಿಂತು ಗಿರಾಕಿಗಳನ್ನು ನಗಿಸುತ್ತಿದ್ದವಳು, ಇನ್ನು ಹಿಂಬದಿಯಲ್ಲಿ ಹಿಟ್ಟು ನಾದಿಕೊಂಡಿರುತ್ತೇನೆ, ಮುಂದಕ್ಕೆ ಬರುವುದಿಲ್ಲವೆಂದು ಮಾಲೀಕನಿಗೆ ಹೇಳಿ ಕಳಿಸಿದ್ದಳು. ಅಕ್ಕನ ಪ್ರಶ್ನೆಗೆ ಅವಳ ಉತ್ತರ: "ಯಾರೂ ನೆನಪಾಗಲ್ಲ. ನನ್ನ ಹಳೇ ಮುಖ ನೆನಪಾಗುತ್ತೆ."

ಅಕ್ಕ ನೀಲಿ ದಾರದ ಪುಸ್ತಕ ಕೊಟ್ಟರು. ಒಳಗಿದ್ದುದು ಹಸಿರು ದಾರ ಇರಬೇಕಾದ ಪ್ರೇಮಕಥೆ. ನಾಯಕಿ ಹೆಜ್ಜೆಹೆಜ್ಜೆಗೂ ಕನ್ನಡಿ ನೋಡುತ್ತಾಳೆ, ನಾಯಕ ಅವಳ ಕೆನ್ನೆಯನ್ನು ಹೊಗಳಿ ದಣಿಯುವುದೇ ಇಲ್ಲ. ಮರುದಿನ ಪುಸ್ತಕ ಗಾಡಿಗೆ ಮರಳಿತು. "ತಮಾಷೆ ಮಾಡ್ತಿದೀರಾ ಅಕ್ಕಾ?" ಎಂದವಳೇ ಗೋಡೆಗೆ ಮುಖ ಮಾಡಿದಳು.

ಅಕ್ಕ ಮನೆಗೆ ಹೋಗಿ ಹಸಿರು ದಾರ ಇದೆಯೇ ಎಂದು ಗಂಡನನ್ನು ಕೇಳಿದರು. ಅವರು ನೀಲಿ ಉಂಡೆಯನ್ನು ಎತ್ತಿ ತೋರಿಸಿ, ಬೇಕಾದಷ್ಟಿದೆ ಅಂದರು. ಅವರ ಕಣ್ಣಿಗೆ ಪೊರೆ ಬಂದು, ಹಸಿರು ಯಾವುದು ನೀಲಿ ಯಾವುದು ತಿಳಿಯುತ್ತಿರಲಿಲ್ಲ. ಅಕ್ಕ ಅದನ್ನು ಅವರಿಗೆ ತಿಳಿಸಲಿಲ್ಲ. ಅಂದಿನಿಂದ ಒಂದು ಗಂಟೆ ಮೊದಲೇ ಎದ್ದು, ಅವರು ಹೊಲಿದ ಪ್ರತಿಯೊಂದನ್ನೂ ತೆರೆದು ನೋಡಿ ಗಾಡಿಗೆ ಜೋಡಿಸುತ್ತಾರೆ. "ಆ ಕೈಗೆ ಇರೋದು ಇದೊಂದೇ ಕೆಲಸ. ಹೇಳಿದ್ರೆ ಅದೂ ನಿಂತು ಹೋಗುತ್ತೆ."

ಬೇಕರಿಯವಳ ಬಳಿ ಮಾತ್ರ ತಪ್ಪು ತಮ್ಮದೇ ಎಂದರು. ಅವಳು ತಿರುಗಲಿಲ್ಲ. ಮುಂದಿನ ಮುಂಜಾನೆಗಳಲ್ಲಿ ಅಕ್ಕ ಪುಸ್ತಕದ ಸುದ್ದಿ ಎತ್ತದೆ, ಮಾತಿಲ್ಲದ ಕೊಳಲಿನ ಕ್ಯಾಸೆಟ್ ಹಾಕಿದರು. ಹೆಡ್‌ಫೋನ್ ಸುಟ್ಟ ಕಿವಿಯನ್ನು ಒತ್ತಿದರೆ ಉರಿ. ಅದಕ್ಕೆ ಸ್ಟೂಲಿನ ಮೇಲೆ ಕೂತು, ಕಿವಿಗೆ ತಾಗದಂತೆ ಎತ್ತಿ ಹಿಡಿದರು. ಕೈ ಜೋಮು ಹಿಡಿಯುತ್ತಿತ್ತು. ಒಂದು ದಿನ ಬೇಕರಿಯವಳು ಗೋಡೆಯತ್ತ ಇದ್ದಂತೆಯೇ ತುಸು ಸರಿದು, ಅಕ್ಕನ ಮೊಣಕೈ ಊರಲು ಮಂಚದ ಅಂಚು ಬಿಟ್ಟುಕೊಟ್ಟಳು.

ಇಂದು ಅವಳು ಮನೆಗೆ ಹೊರಟಿದ್ದಾಳೆ. ಬಟ್ಟೆಯ ಗಂಟು ತೊಡೆಯ ಮೇಲಿದೆ. ಕಿರುಗುಟ್ಟುವ ಚಕ್ರ ಹತ್ತಿರ ಬಂದಾಗ ಕೈ ಚಾಚುತ್ತಾಳೆ.

"ಆ ಕನ್ನಡಿ ನಾಯಕಿ ಪುಸ್ತಕ ಕೊಡಿ ಅಕ್ಕಾ. ಕಡೇ ಪುಟದಲ್ಲಾದ್ರೂ ತಲೆ ಎತ್ತಿ ಹೊರಗೆ ನೋಡ್ತಾಳಾ ಅಂತ ನೋಡ್ಬೇಕು. ಕೌಂಟರಲ್ಲಿ ಗಿರಾಕಿ ಇಲ್ದಾಗ ಓದ್ತೀನಿ."

ಕೌಂಟರ್ ಎಂಬ ಮಾತಿಗೆ ಅಕ್ಕನ ಕೈ ಪುಸ್ತಕದ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಪುಸ್ತಕ ಆಸ್ಪತ್ರೆ ದಾಟಬಾರದೆಂಬ ನಿಯಮವಿದೆ. ಅಕ್ಕ ಅದನ್ನು ಗಂಟಿನೊಳಗೆ ಸೇರಿಸಿ, ಗಾಡಿ ತಳ್ಳುತ್ತಾರೆ. ಅದು ಮರಳಿ ಬಂದೀತೇ ಎಂದು ಕೇಳಿದರೆ ಮಂಡಿ ನೀವಿಕೊಳ್ಳುತ್ತಾರೆ.

"ಕಥೆ ಚೆನ್ನಾಗಿಲ್ಲ ಅಂತ ಬೈಯೋಕಾದ್ರೂ ಬರ್ಲಿ. ನಮ್ಮನೆಯೋರು ಹೊಲಿದ ದಾರ ಬಿಚ್ಚದೆ ತಂದ್ರೆ ಸಾಕು."