ಎಡಹೆಗಲ ನೋವು

ಶಕುನ, ಮುನ್ಸೂಚನೆ ಅಂತ ಯಾರಾದರೂ ಶುರುಮಾಡಿದರೆ ನಾನು ನಕ್ಕುಬಿಡುತ್ತಿದ್ದೆ. ಮುಧೋಳದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು ನಾನು; ಕಂಡದ್ದನ್ನೂ ಎರಡು ಸಲ ತಾಳೆ ನೋಡುವ ಜಾಯಮಾನ. ಆದರೂ ಇದನ್ನು ಬರೆಯುತ್ತಿದ್ದೇನೆ, ನಡೆದದ್ದು ನನಗೇ ಆದ್ದರಿಂದ.

ಕೆಲವು ವರ್ಷಗಳ ಹಿಂದೆ, ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ನನ್ನ ತಮ್ಮ ಬಸು ಬೈಕಿನಿಂದ ಬಿದ್ದ. ಹೊಟ್ಟೆಯ ಎಡಗಡೆ ಇರುವ ಗುಲ್ಮ, ಅಂದರೆ ಸ್ಪ್ಲೀನ್, ಸೀಳಿತ್ತು. ಆಪರೇಷನ್ ಬೇಡ, ತಾನಾಗಿಯೇ ಮಾಯುತ್ತದೆ ಎಂದು ಡಾಕ್ಟರು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿಸಿ ಮನೆಗೆ ಕಳಿಸಿದರು. ಭಾರ ಎತ್ತಬಾರದು, ಗುಲ್ಮ ಮತ್ತೆ ಒಡೆದು ಒಳಗೇ ರಕ್ತ ಸೋರಬಹುದು, ಎಡಹೆಗಲು ನೋಯುವುದೇ ಅದರ ಗುರುತು, ನೋಯಿತೆಂದರೆ ತಕ್ಷಣ ಬನ್ನಿ ಎಂದು ಒತ್ತಿ ಹೇಳಿದ್ದರು.

ಅವನು ಮನೆಗೆ ಬಂದು ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಎಡಹೆಗಲ ತುದಿಗೆ ದಬ್ಬಣ ಚುಚ್ಚಿದಂತಾಯಿತು. ನಾನು ಬರೆಯುವುದು ಬಲಗೈಯಲ್ಲಿ. ನೋವು ಏರುತ್ತಲೇ ಹೋಯಿತು. ಬಸುಗೆ ಫೋನ್ ಮಾಡಿದೆ.

"ಹೆಗಲ ನೋಯಾಕತ್ತೈತೇನಲೇ?"

"ಇಲ್ಲ ಬೇ ಅಕ್ಕಾ, ಆರಾಮ ಅದೀನಿ. ಮುಂಜಾನಿ ಮಗ್ಗಕ್ಕ ಬೀಮ್ ಏರಿಸೀನಿ."

ನೂಲು ಸುತ್ತಿದ ಬೀಮ್ ಎಂದರೆ ಇಬ್ಬರು ಹೆಗಲು ಕೊಟ್ಟು ಎತ್ತುವ ತೂಕ.

"ಭಾರ ಎತ್ತಬ್ಯಾಡ ಅಂದಿದ್ರಲ್ಲೋ."

"ಅದೇನ ಭಾರ ಬೇ, ದಿನದ ಕೆಲಸ."

ಇವನಿಗೆ ಭಾರವೆಂದರೆ ಮೂಟೆ, ಬೀಮ್ ಅಲ್ಲ. ಸಿಟ್ಟು ನೆತ್ತಿಗೇರಿತು, ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ಬನಹಟ್ಟಿಯ ಬಸ್ ಹತ್ತಿದೆ.

ಊಟಕ್ಕೆ ಕುಳಿತವನನ್ನು ಎಬ್ಬಿಸಿ, ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ನಾಡಿ, ಬಿಪಿ ನೋಡಿ, "ಎಲ್ಲಾ ಛಲೋ ಐತ್ರಿ" ಎಂದರು. ನಾನು ಕುರ್ಚಿ ಬಿಟ್ಟೇಳಲಿಲ್ಲ. "ಇವಗ ಎಡಹೆಗಲ ನೋಯಾಕತ್ತೈತ್ರಿ, ಸ್ಕ್ಯಾನ್ ಮಾಡ್ರಿ" ಎಂದು ಹಸಿ ಸುಳ್ಳು ಹೇಳಿದೆ. ಬಸು ಬಾಯಿ ತೆರೆಯುವಷ್ಟರಲ್ಲಿ ತೊಡೆ ಚಿವುಟಿದೆ.

ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ರಕ್ತ ಕಾಣಿಸಿತು. ಸಂಜೆಯೊಳಗೆ ಆಪರೇಷನ್ ಮಾಡಿ ಗುಲ್ಮ ತೆಗೆದರು. ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅವನನ್ನು ಒಳಗೆ ಒಯ್ಯುವ ಹೊತ್ತಿಗೆ ನನ್ನ ಹೆಗಲಲ್ಲಿ ನೋವಿರಲಿಲ್ಲ. ಯಾವಾಗ ಹೋಯಿತೋ ಗಮನಿಸಿರಲಿಲ್ಲ.

ತಮ್ಮನ ಚಿಂತೆಯೇ ನೋವಾಗಿ ಕಾಣಿಸಿಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬೀಮ್ ಏರಿಸಿದ ಸುದ್ದಿ ನನಗೆ ತಿಳಿದದ್ದು ನೋವು ಬಂದ ಮೇಲೆ. ತನಗೆ ಹೆಗಲು ನೋಯಲೇ ಇಲ್ಲವೆಂದು ಬಸು ಇವತ್ತಿಗೂ ಆಣೆ ಮಾಡುತ್ತಾನೆ. ಆದರೆ ಆಸ್ಪತ್ರೆಯ ಕಾಗದದಲ್ಲಿ, ಎಡಹೆಗಲ ನೋವೆಂದು ಬಂದ ರೋಗಿ ಎಂದೇ ಅವನ ಹೆಸರಿನ ಮುಂದೆ ಬರೆದಿದೆ. ಆ ನೋವು ನನ್ನದು ಎಂದು ಡಾಕ್ಟರಿಗೆ ನಾನಿನ್ನೂ ಹೇಳಿಲ್ಲ.