ಅಕ್ಕನ ಮರೆಯನ್ನು ತೆಗೆದವಳು ನಾನು

ಸುಳ್ಳು ಹೇಳಿದವಳು ನಾನು. ಮೊದಲನೆಯ ಸಾಫ್ಟ್‌ವೇರ್ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ನಡೆಯುವುದಿಲ್ಲ ಎಂದು ಅಕ್ಕನಿಗೆ ಹೇಳಿ ಎರಡನೆಯದನ್ನು ಆರಿಸಿದೆ. ಯಾಕೆ ಎಂದು ಆಗ ನನಗೆ ಗೊತ್ತಿತ್ತು — ಗೊತ್ತಿದೆ ಎಂದುಕೊಂಡಿದ್ದೆ. ಈಗ ಅಕ್ಕ ಇಲ್ಲ. ಕಾರಣವೂ ಸರಿಯಾಗಿ ನೆನಪಾಗುತ್ತಿಲ್ಲ. ಸುಳ್ಳು ಮಾತ್ರ ಹಾಗೇ ಉಳಿದಿದೆ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮಾತೇ ಎಂದು ನಿಮಗೆ ಅನಿಸಬಹುದು. ಒಂದು ಆಟ, ಅದಕ್ಕೊಂದು ಸಾಫ್ಟ್‌ವೇರ್. ನಾನೂ ಹಾಗೆಯೇ ಅಂದುಕೊಂಡು ಒಂದು ವರ್ಷ ಕಳೆದೆ.

ನಾವು ವಿಜಯಪುರದ ಕಡೆಯವರು. ಅಪ್ಪ ತೆಲುಗು ನಾಡಿನ ಈ ದೊಡ್ಡ ಊರಿಗೆ, ಸನತ್‌ನಗರದ ಫ್ಯಾಕ್ಟರಿ ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಅಪ್ಪ, ಅವ್ವ ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಅಕ್ಕ ಗಿರಿಜಾ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನ್ನನ್ನು ಸಾಕಿದವಳು, ಓದಿಸಿದವಳು ಅವಳೇ. ಕೋಠಿ ಬಜಾರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ವಾರದ ಆರು ದಿನ ಯಾರೊಂದಿಗೂ ಹೆಚ್ಚು ಮಾತಿಲ್ಲ. ಏಳನೆಯ ದಿನ, ಭಾನುವಾರ ಸಂಜೆ ನಾಲ್ಕಕ್ಕೆ, ಅವಳು ಒಂದು ಊರನ್ನೇ ಮಾತಾಡುತ್ತಿದ್ದಳು.

ಆಟವನ್ನು ತಂದವನು ಮಹಡಿಯ ಮೇಲೆ ಬಾಡಿಗೆಗಿದ್ದ ರಘು. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸ. ಒಬ್ಬರು ಕಥೆ ನಡೆಸಬೇಕು. ಉಳಿದವರು ಆ ಕಥೆಯಲ್ಲಿ ಒಂದೊಂದು ಪಾತ್ರವಾಗಬೇಕು. ಏನು ಮಾಡುತ್ತೀರಿ ಎಂದು ಕಥೆ ನಡೆಸುವವರು ಕೇಳುತ್ತಾರೆ, ನಾವು ಹೇಳುತ್ತೇವೆ. ಅಪಾಯ ಬಂದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಸಂಖ್ಯೆ ಹೆಚ್ಚಾದಷ್ಟು ನಮಗೆ ಕೆಡುಕು — ಅಕ್ಕ ಇಟ್ಟುಕೊಂಡ ಲೆಕ್ಕ ಅದು. ಎರಡನೆಯ ವಾರಕ್ಕೇ ರಘು ಕಥೆಯನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟ. ಅಷ್ಟು ಚೆನ್ನಾಗಿ ನಡೆಸುತ್ತಿದ್ದಳು. ಅವಳ ಊರಿಗೆ ನೆಲದ ಕೆಳಗೆ ಕಾಲುವೆಗಳಿದ್ದವು, ವಿಜಯಪುರದಲ್ಲಿ ಹಿಂದಿನ ಕಾಲದವರು ನೀರು ತರಲು ತೋಡಿದ್ದರಲ್ಲ, ಅಂಥವು. ಆ ಸುರಂಗಗಳಲ್ಲಿ ದೀಪ ಹಿಡಿದು ನಡೆಯುವ ಚೆನ್ನಿ ನನ್ನ ಪಾತ್ರ. ರಘು ಜಂಬದ ದಂಡನಾಯಕ. ನಮ್ಮ ಮಾತು ಕೇಳಿ ಕೇಳಿ ಕನ್ನಡ ಕಲಿತಿದ್ದ ಪಕ್ಕದ ಮನೆಯ ಜರೀನಾ, ಗಾಯಕ್ಕೆ ಮದ್ದು ಹಾಕುವ ಹಕೀಮ ಬೀಬಿ.

ಅಕ್ಕ ದಾಳವನ್ನು ಒಂದು ಮರೆಯ ಹಿಂದೆ ಉರುಳಿಸುತ್ತಿದ್ದಳು. ಕೋಠಿಯಿಂದ ತಂದ ಸೀರೆ ಡಬ್ಬಿಯ ಗಟ್ಟಿ ಮುಚ್ಚಳವನ್ನು ಮೂರು ಮಡಿಕೆ ಮಾಡಿ ನಿಲ್ಲಿಸಿದ್ದ ಮರೆ. ಕಥೆ ನಡೆಸುವವರಿಗೆ ಅದು ಇರುವುದೇ ವಾಡಿಕೆ ಎಂದು ರಘು ಹೇಳಿದ್ದ.

“ಅಕ್ಕಾ, ಎಷ್ಟು ಬಿತ್ತು?” ಅಂತ ಅವನು ಕುತ್ತಿಗೆ ಚಾಚುತ್ತಿದ್ದ.

“ಎಷ್ಟ್ ಬಿತ್ತು ಅಂತ ಕೇಳಬ್ಯಾಡ. ಏನ್ ಆತು ಅಂತ ಕೇಳು. ದಂಡನಾಯಕರು ಮತ್ತ ಬಾವ್ಯಾಗ ಬಿದ್ರು.”

“ಅಯ್ಯೋ, ಮತ್ತೇನಾ? ಹೋದ್ ವಾರಾನೂ ಅಲ್ಲೇ ಬಿದ್ದಿದ್ನಲ್ಲ!”

“ಬಾವಿಗಿ ನಿನ್ನ ಮ್ಯಾಲ ದಿಲ್ ಬಂದೈತಿ ತೊಗೋ,” ಎಂದು ಜರೀನಾ ನಗುತ್ತಿದ್ದಳು.

ಮೂರು ವರ್ಷ ಹೀಗೇ ನಡೆಯಿತು. ಯಾರೂ ಸಾಯಲಿಲ್ಲ. ಬಿದ್ದೆವು, ಕಳೆದುಹೋದೆವು, ಸಾಯಲಿಲ್ಲ. ನಾವು ಚೆನ್ನಾಗಿ ಆಡುತ್ತೇವೆ, ಅದಕ್ಕೇ — ಎಂದು ನಾನು ನಂಬಿದ್ದೆ. ನನ್ನ ಬದುಕಿನಲ್ಲಿ ನಾನೇ ಗೆದ್ದದ್ದು ಎಂದು ಹೇಳಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಚೆನ್ನಿ ಇದ್ದಳು.

ಒಂದು ಭಾನುವಾರ ಚಹಾ ತಟ್ಟೆ ಹಿಡಿದು ಅಕ್ಕನ ಬೆನ್ನ ಹಿಂದಿನಿಂದ ಬಂದೆ. ಕತ್ತಲ ಕಾಲುವೆಯಲ್ಲಿ ಯಾರೋ ಚೆನ್ನಿಯ ಮೇಲೆ ಕತ್ತಿ ಬೀಸಿದ್ದರು. ದಾಳ ನಿಂತಿತು. ಇಪ್ಪತ್ತು. ಅಕ್ಕ ಅದನ್ನು ನೋಡಿ, ತಲೆ ಎತ್ತಿ, ಸಲೀಸಾಗಿ ಹೇಳಿದಳು — “ನಾಕು. ತಪ್ಪಿಸ್ಕೊಂಡಿ ನೋಡು ಚೆನ್ನಿ.”

ನಾನು ಚಹಾ ಇಟ್ಟು ಕೂತೆ.

ಅದೇ ತಿಂಗಳು ಇನ್ನೊಂದು ತಿಳಿಯಿತು. ಫ್ಯಾಕ್ಟರಿಯ ಸ್ಟೋರಿನಲ್ಲಿ ನನಗೆ ಸಿಕ್ಕಿದ್ದ ಕೆಲಸ — ನಾನೇ ಅರ್ಜಿ ಹಾಕಿ, ನಾನೇ ಮಾತಾಡಿ ಪಡೆದದ್ದು ಎಂದುಕೊಂಡಿದ್ದ ಕೆಲಸ — ಅದಕ್ಕೂ ಮೊದಲೇ ಅಕ್ಕ ಹೋಗಿ ಅಪ್ಪನ ಹೆಸರು ಹೇಳಿ ಮ್ಯಾನೇಜರರನ್ನು ಕೇಳಿಕೊಂಡಿದ್ದಳಂತೆ. ಅವರೇ ಒಂದು ದಿನ ಮಾತಿನ ಭರದಲ್ಲಿ ಹೇಳಿದರು. ಅಂದು ಮನೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಆ ಇಪ್ಪತ್ತೇ ಕಣ್ಣ ಮುಂದೆ. ಹಾಗಾದರೆ ನನ್ನದು ಯಾವುದು? ಯಾವ್ಯಾವ ನಾಲ್ಕು ನಿಜವಾದ ನಾಲ್ಕು? ಅವಳನ್ನೇ ಕೇಳಬಹುದಿತ್ತು. ಕೇಳಿದ್ದರೆ —

ಕೇಳಲಿಲ್ಲ.

ಆಮೇಲೆ ಜರೀನಾ ಜಹೀರಾಬಾದಿಗೆ ಮದುವೆಯಾಗಿ ಹೋದಳು. ರಘು ಮನೆಯಿಂದಲೇ ಕೆಲಸ ಎಂದು ಮೈಸೂರಿಗೆ ಹೊರಟ. ಹೋಗುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಅಕ್ಕನಿಗೆ ಬಿಟ್ಟುಹೋದ. ಎರಡು ಭಾನುವಾರ ಅಕ್ಕ ನಾಲ್ಕು ಗಂಟೆಗೆ ಸುಮ್ಮನೆ ಮೇಜು ಒರೆಸಿದಳು. ಮೂರನೆಯ ವಾರ ರಘು ಫೋನ್ ಮಾಡಿ, ದೂರದಿಂದಲೂ ಆಡಬಹುದು ಅಕ್ಕ, ನಕ್ಷೆ, ದಾಳ, ಪಾತ್ರಗಳ ಗೊಂಬೆ ಎಲ್ಲ ತೆರೆಯ ಮೇಲೇ ಇಡುವ ಸಾಫ್ಟ್‌ವೇರುಗಳಿವೆ ಎಂದ. ಎರಡರ ಹೆಸರು ಕೊಟ್ಟ. ಅಕ್ಕ ನನ್ನ ಕಡೆ ತಿರುಗಿ, “ನೀನ ಎರಡೂ ಹಚ್ಚಿ ನೋಡಿ ಆರ್ಸು ಸುಮಾ. ನಿನಗ ತಿಳಿತೈತಿ” ಎಂದಳು.

ಮೂರು ದಿನ ನೋಡಿದೆ. ಮೊದಲನೆಯದರಲ್ಲಿ ಕಥೆ ನಡೆಸುವವರಿಗೆ ಒಂದು ಗುರುತಿತ್ತು — ಅದನ್ನು ಒತ್ತಿದರೆ ಅವರ ದಾಳ ಅವರಿಗೆ ಮಾತ್ರ ಕಾಣುತ್ತದೆ. ಅಕ್ಕನ ಸೀರೆ ಡಬ್ಬಿಯೇ. ಎರಡನೆಯದರಲ್ಲಿ ಆ ಗುರುತು ಇರಲಿಲ್ಲ. ಯಾರು ಉರುಳಿಸಿದರೂ ದಾಳ ನಕ್ಷೆಯ ನಡುವೆ ಎಲ್ಲರ ಕಣ್ಣೆದುರು ಉರುಳಿ ನಿಲ್ಲುತ್ತಿತ್ತು. ನೋಡಲು ಚೆಂದವಾಗಿತ್ತು. ಚೆಂದ ಎಂಬ ಕಾರಣವೂ ನನಗೆ ಸಿಕ್ಕಿತು.

“ಮೊದಲನೇದು ನಡೆಯೂದಿಲ್ಲಕ್ಕ. ಈ ಲ್ಯಾಪ್‌ಟಾಪಿಗಿ ಅದು ಭಾರ. ನಿಂತ ನಿಂತ ಹೊಂಟೈತಿ.”

ಅಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. “ಹೌದನು?” ಎಂದಳು. ಆಮೇಲೆ, “ಹಂಗಾದ್ರ ಎರಡನೇದ ಇರಲಿ.”

ಅಷ್ಟಕ್ಕೇ ಬಿಡಲಿಲ್ಲ ನಾನು. ಇನ್ನು ಮೇಲೆ ಎಲ್ಲರೂ ದಾಳವನ್ನು ತೆರೆಯ ಮೇಲೇ ಉರುಳಿಸಬೇಕು, ಕೈಯಲ್ಲಿ ಬೇಡ ಎಂದು ನಿಯಮ ಮಾಡಿದೆ. ನಿಜವಾದ ದಾಳವನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ ಹಾಕಿದೆ. ಮುಚ್ಚಳವನ್ನು ಮಡಚಿ ಕಪಾಟಿನ ಮೇಲಿಟ್ಟೆ. ನ್ಯಾಯ ಮಾಡುತ್ತಿದ್ದೇನೆ ಎಂದೇ ಅನಿಸಿತು — ಅನಿಸಿತೇ? ಅಥವಾ ಅಕ್ಕ ಸಿಕ್ಕಿಬೀಳುವುದನ್ನು ನೋಡಬೇಕಿತ್ತೇ? ಈಗ ಎಷ್ಟು ತಿರುವಿ ನೋಡಿದರೂ ತಿಳಿಯುವುದಿಲ್ಲ.

ಭಾನುವಾರ ಬಂತು. ಅಕ್ಕ ಲ್ಯಾಪ್‌ಟಾಪಿನ ಮುಂದೆ, ನಾನು ಎದುರಿಗೆ ಫೋನ್ ಹಿಡಿದು. ಅಕ್ಕನ ಮಾತು ಮೊದಲು ಅವಳ ಬಾಯಿಂದ ಬರುತ್ತಿತ್ತು, ಒಂದು ಕ್ಷಣ ಬಿಟ್ಟು ನನ್ನ ಫೋನಿನಿಂದ. ಜರೀನಾ ಅಡುಗೆಮನೆಯಲ್ಲಿ ಕೂತಿದ್ದಾಳೆಂದು ಪಾತ್ರೆಗಳ ಸದ್ದಿನಿಂದ ತಿಳಿಯುತ್ತಿತ್ತು. “ಇಲ್ಲಿ ಎಲ್ಲಾರೂ ನನಗ ಬಹೂ, ಸೊಸಿ ಅಂತಾರ ಅಕ್ಕಾ,” ಎಂದಳು. “ಹೆಸರ ಇಲ್ಲ. ಇದರಾಗ ಅಷ್ಟ ನಾನು ಹಕೀಮ. ಜಲ್ದಿ ಶುರು ಮಾಡ್ರಿ.”

ಶುರುವಾಯಿತು. ಕಾಲುವೆಯ ಚಾವಣಿ ಕುಸಿಯಿತು. ನಾನು ಕಾದಿದ್ದು ಚೆನ್ನಿಯ ಸರದಿಗೆ. ಆದರೆ ಕಲ್ಲು ಬಿದ್ದದ್ದು ಹಕೀಮ ಬೀಬಿಯ ಕಡೆ. ಅಕ್ಕ ಒತ್ತಿದಳು. ನಾಲ್ಕೂ ಜನರ ಕಣ್ಣ ಮುಂದೆ ದಾಳ ಉರುಳಿ, ಉರುಳಿ, ಇಪ್ಪತ್ತರಲ್ಲಿ ನಿಂತಿತು.

ಅಕ್ಕ ಲ್ಯಾಪ್‌ಟಾಪಿನ ಮೇಲಿಂದ ನನ್ನನ್ನು ನೋಡಿದಳು.

“ಇದು ಎಲ್ಲಾರಿಗೂ ಕಾಣಾಕತ್ತೈತೇನು ಸುಮಾ?”

“ಹೌದು.”

“ಮುಚ್ಚಾಕ ಬರೂದಿಲ್ಲೇನು?”

“ಇದರಾಗ ಬರೂದಿಲ್ಲ.”

ಫೋನಿನಿಂದ ಜರೀನಾ ನಕ್ಕಳು. ನಗು ಸ್ವಲ್ಪ ಒಡೆದಿತ್ತು. “ಬೀಸ್ ಬಿತ್ತಲ್ಲ ಅಕ್ಕಾ. ಮರ್ ಗಯೀ ಕ್ಯಾ ಮೈ? ಸತ್ನೇನು ನಾ?”

ಅಕ್ಕ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಆ ಸಾವನ್ನು ಹೇಳಿದಳು. ಅಷ್ಟು ಮೆಲ್ಲಗೆ, ಅಷ್ಟು ಮರ್ಯಾದೆಯಿಂದ — ಕಲ್ಲಿನ ಕೆಳಗಿನಿಂದ ಬೀಬಿ ತನ್ನ ಮದ್ದಿನ ಚೀಲವನ್ನು ಚೆನ್ನಿಯ ಕೈಗೆ ಕೊಟ್ಟಳು, ಹಾದಿ ನಿಮ್ಮದು ಎಂದಳು. ಮೂರು ವರ್ಷದಲ್ಲಿ ಮೊದಲ ಸಾವು. ಅಕ್ಕನ ಕೈ ಮೇಜಿನ ಮೇಲೆ ಏನನ್ನೋ ಹುಡುಕುತ್ತಿತ್ತು. ಹುಡುಕುತ್ತಿದ್ದುದು ಆ ಮುಚ್ಚಳವನ್ನು ಎಂದು ನನಗೆ ತಿಳಿಯಿತು.

ಮುಂದಿನ ವಾರ ಜರೀನಾ ಬರಲಿಲ್ಲ. ಮನೆಯಲ್ಲಿ ನೆಂಟರು ಎಂದಳು. ಅದರ ಮುಂದಿನ ವಾರವೂ ನೆಂಟರು. ಹೊಸ ಪಾತ್ರ ಮಾಡಿಕೋ ಎಂದು ಅಕ್ಕ ಕರೆದರೆ, “ನಕ್ಕೋ ಅಕ್ಕಾ, ಬ್ಯಾಡ, ಬೀಬಿ ಇಲ್ಲದ ನಾ ಯಾರಂತ ಬರಲಿ?” ಎಂದಳು. ರಘು ಇನ್ನೊಂದು ತಿಂಗಳು ಬಂದ. ಆಮೇಲೆ ಲ್ಯಾಪ್‌ಟಾಪ್ ಕಪಾಟು ಸೇರಿತು. ಅಕ್ಕ ಒಂದು ಸಲವೂ ನನ್ನನ್ನು ಏನೂ ಕೇಳಲಿಲ್ಲ. ವಾರದ ಏಳೂ ದಿನ ಮಾತು ಕಡಿಮೆಯಾಯಿತು, ಅಷ್ಟೆ.

ಕಾಯಿಲೆ ಬಂದದ್ದು ಆ ಚಳಿಗಾಲದಲ್ಲಿ. ರಕ್ತದ ಕಾಯಿಲೆ. ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ರಿಪೋರ್ಟ್ ನನ್ನ ಕೈಗೆ ಕೊಟ್ಟರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಒಳಗೆ ಹೋದರೆ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು.

“ಎಷ್ಟ್ ಬಿತ್ತು?” ಎಂದಳು.

ಆಟದ ಮಾತನ್ನೇ ಬಳಸಿದಳು. ನಾನು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಹಿಡಿದು, “ಹತ್ತು ಐತಕ್ಕ” ಎಂದೆ.

ಔಷಧಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಇದ್ದವಳು. ಹತ್ತು ಇದ್ದವರ ಉಗುರು ಹೇಗಿರುತ್ತದೆ, ತನ್ನದು ಹೇಗಿದೆ — ಅವಳಿಗೆ ಗೊತ್ತಿಲ್ಲದೇ ಇರುತ್ತದೆಯೇ? “ಛಲೋ ಬಿತ್ತು ಬಿಡು,” ಎಂದು ನನ್ನ ಕೈ ಮುಟ್ಟಿದಳು. ಆಗ ಹೇಳಬೇಕಿತ್ತು. ಎಲ್ಲವೂ ತುಟಿಯ ತನಕ ಬಂದಿತ್ತು. ನರ್ಸ್ ಬಂದಳು, ಹೇಳಲಿಲ್ಲ. ನರ್ಸ್ ಹೋದಳು, ಆಗಲೂ ಹೇಳಲಿಲ್ಲ. ಒಂಬತ್ತು ದಿನದ ಮೇಲೆ ಅಕ್ಕ ಹೋದಳು.

ಸೂತಕದ ದಿನಗಳು ಮುಗಿದ ಮೇಲೆ ಜರೀನಾ ಬಂದಳು. ರಘು ಫೋನಿನಲ್ಲಿದ್ದ. ಅವರಿಬ್ಬರ ನಡುವೆ ನಾನು ಅರ್ಧ ಮಾತ್ರ ಬಾಯಿಬಿಟ್ಟೆ — ಅಕ್ಕ ದಾಳದ ಸಂಖ್ಯೆಯನ್ನು ಬದಲಾಯಿಸಿ ಹೇಳುತ್ತಿದ್ದಳು, ಅದು ನಿಮಗೆ ಗೊತ್ತೇ?

“ಹೌ,” ಎಂದಳು ಜರೀನಾ, ಏನೂ ಅಲ್ಲವೆಂಬಂತೆ. “ಮೊದಲನೇ ವರ್ಷಾನ ನೋಡೀನಿ. ಅಕ್ಕ ನಾಕು ಅಂದ್ರ ನಾಕು. ಆಟಾನ ಅದು. ನೀ ಏನ್ ತಿಳಕೊಂಡಿದ್ದಿ?”

“ಅದಕ್ಕೇ ಅಲ್ವಾ ಮರೆ ಇರೋದು,” ಎಂದ ರಘು. “ಫೋನ್ ಮಾಡಿದ ಮಾರನೇ ದಿನಾನೇ, ನೀವಿಲ್ಲದಾಗ, ಮೊದಲನೇ ಸಾಫ್ಟ್‌ವೇರ್ ಆ ಲ್ಯಾಪ್‌ಟಾಪಲ್ಲೇ ನಡೆಸೋದನ್ನ ಅಕ್ಕಂಗೆ ದೂರದಿಂದ ತೋರಿಸಿದ್ದೆ. ಅವರು ಮೊದಲು ಕೇಳಿದ್ದೇ ದಾಳ ಮುಚ್ಚೋದು ಹೆಂಗೆ ಅಂತ. ಎಷ್ಟ್ ಚೆನ್ನಾಗಿ ನಡೀತಿತ್ತು! ಆಮೇಲೆ ಯಾಕೆ ಬೇರೆ ತಗೊಂಡ್ರಿ ಅಂತ ನನಗೆ ಅರ್ಥವೇ ಆಗ್ಲಿಲ್ಲ.”

ನಾನು ಚಹಾ ಮಾಡಲು ಎದ್ದೆ.

ಅಕ್ಕಾ, ನಿನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದಾಗ, ಅದು ಸುಳ್ಳೆಂದು ಗೊತ್ತಿದ್ದೂ ‘ಹೌದನು?’ ಎಂದೆ. ಯಾಕೆ ಒಪ್ಪಿದೆ? ನನಗೆ ಬೇಕೆಂದು ಕೊಟ್ಟೆಯಾ, ಎಲ್ಲವನ್ನೂ ಕೊಟ್ಟ ಹಾಗೆ? ನಾನೇ ಬಂದು ಹೇಳಲಿ ಎಂದು ಕಾದೆಯಾ? ಬರೆಯುತ್ತ ಹೋದರೆ ತಿಳಿದೀತು ಎಂದುಕೊಂಡಿದ್ದೆ. ತಿಳಿಯಲಿಲ್ಲ. ಎಲ್ಲರಿಗೂ ಗೊತ್ತಿದ್ದ ಒಂದು ದಯೆಯನ್ನು ನಾನೊಬ್ಬಳೇ ಮೋಸ ಎಂದುಕೊಂಡೆ. ಅದನ್ನು ಹಿಡಿಯಲು ನಿಜವಾದ ಮೋಸ ಮಾಡಿದೆ. ಆಸ್ಪತ್ರೆಯಲ್ಲಿ ನಿನ್ನ ಹಾಗೆ ನಾನೂ ಒಂದು ಸಂಖ್ಯೆ ಬದಲಾಯಿಸಿದೆ ಎಂಬುದರಿಂದ ಇದು ತೀರುವುದಿಲ್ಲ.

ಬರುವ ಭಾನುವಾರ ನಾಲ್ಕಕ್ಕೆ ಆಡೋಣ ಎಂದು ಜರೀನಾ ಕೇಳಿದ್ದಾಳೆ. ಕಥೆಯನ್ನು ನಾನೇ ನಡೆಸಬೇಕಂತೆ. ನಿನ್ನೆ ಲ್ಯಾಪ್‌ಟಾಪ್ ತೆಗೆದು ಮೊದಲನೆಯ ಸಾಫ್ಟ್‌ವೇರ್ ತೆರೆದೆ. ಒಂದು ಸಲವೂ ನಿಲ್ಲಲಿಲ್ಲ. ರಘು ಅಂದು ಹಾಕಿಕೊಟ್ಟ ನಕ್ಷೆಯ ಮೇಲೆ ನೀನು ನಾಲ್ಕು ಬಾವಿ ಬಿಡಿಸಿದ್ದೆ.

ಅವರಿಬ್ಬರೂ ಬಂದು ಕೂತ ಮೇಲೆ, ದಾಳ ಉರುಳುವುದಕ್ಕೆ ಮೊದಲು, ಈ ಸುಳ್ಳನ್ನು ಹೇಳುತ್ತೇನೆ. ಕೇಳಿದ ಮೇಲೂ ಅವರು ಉಳಿಯುತ್ತಾರೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಉಳಿದರೆ ಆಟ ಆ ಕುಸಿದ ಕಲ್ಲಿನ ಹತ್ತಿರದಿಂದಲೇ ಶುರು. ಬೀಬಿಯ ಮದ್ದಿನ ಚೀಲ ಚೆನ್ನಿಯ ಹೆಗಲ ಮೇಲೇ ಇದೆ. ಅದನ್ನು ಅವಳು ಇಷ್ಟು ದಿನ ಬಿಚ್ಚಿಲ್ಲ.