ಬೆನಕಪ್ಪ ಗಡಿ ದಾಟಿ ಮುಯ್ಯಿ ತೀರಿಸಿದ್ದು

ಸೊಕ್ಕೆಯ ಬೆನಕಪ್ಪ ಕೆಟ್ಟವನೇನಲ್ಲ, ಬಾಯಿ ಮಾತ್ರ ಸ್ವಲ್ಪ ಸಡಿಲ. ಹುಟ್ಟಿದಾಗ ಅಳುವುದಕ್ಕೆಂದು ತೆರೆದ ಬಾಯನ್ನು ಆಮೇಲೆ ಮುಚ್ಚಿದ್ದನ್ನು ಯಾರೂ ಕಂಡಿಲ್ಲವೆಂದು ಅವನ ಹೆಂಡತಿ ಶಿವಗಂಗಮ್ಮನೇ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ಮೈಮುರಿದು ದುಡಿಯುವ ಮನುಷ್ಯ. ಮನೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಿದವನೂ ಅಲ್ಲ. ಆದರೆ ಸಂಜೆ ಕಟ್ಟೆಯ ಮೇಲೆ ಕೂತನೆಂದರೆ ಜಗಳೂರಿನ ಅಮಲ್ದಾರರಿಂದ ಹಿಡಿದು ಜರ್ಮನಿಯ ದಂಡಿನವರೆಗೆ ಯಾರು ಏನು ಮಾಡಬೇಕೆಂಬುದನ್ನು ತೀರ್ಮಾನ ಮಾಡಿಯೇ ಏಳಬೇಕು.

ಆಗ ಯುದ್ಧದ ಕಾಲ. ಕಾಳುಕಡಿಗೆ ಬರ. ಜನ ಸರ್ಕಾರಿ ಕಾಳಿನ ಡಿಪೋದ ಮುಂದೆ ಚೀಲ ಹಿಡಿದು ನಿಲ್ಲುತ್ತಿದ್ದರು. ಊರ ಬಡಗಣ ಹಳ್ಳದ ಈಚೆ ಮೈಸೂರು ಸೀಮೆ, ಆಚೆ ಮದ್ರಾಸಿಗೆ ಸೇರಿದ ಇಂಗ್ರೇಜಿ ಸೀಮೆ. ಎಮ್ಮೆಗಳು ಒಂದು ಸೀಮೆಯಲ್ಲಿ ಮೇದು ಇನ್ನೊಂದರಲ್ಲಿ ನೀರು ಕುಡಿದು ಬರುತ್ತಿದ್ದವು, ಅವನ್ನು ಕೇಳುವವರಿರಲಿಲ್ಲ. ಮನುಷ್ಯರನ್ನು ಕೇಳಬೇಕೆಂದು ಮೊದಲು ಹೇಳಿದವನು ನಮ್ಮ ಬೆನಕಪ್ಪ. ಹಳ್ಳದಾಚೆಯವರು ಕೂಲಿಯ ನೆಪದಲ್ಲಿ ಬರುತ್ತಾರೆ, ನಮ್ಮ ರಾಗಿ ಉಣ್ಣುತ್ತಾರೆ, ಹೋಗುವಾಗ ಸೆರಗಿನಲ್ಲಿ ಕಟ್ಟಿಕೊಂಡೂ ಹೋಗುತ್ತಾರೆ, ಸೀಮೆ ಅಂದ ಮೇಲೆ ಅದಕ್ಕೊಂದು ಬೇಲಿ ಬೇಡವೇ ಎಂಬುದು ಅವನ ವಾದ. ಅದರಲ್ಲಿ ಸುಳ್ಳೂ ಇರಲಿಲ್ಲ. ಡಿಪೋದ ಚೀಲ ತಳ ಕಂಡ ದಿನ ಸಾಲಿನ ಕೊನೆಯಲ್ಲಿ ನಿಂತವನಿಗೆ ಮುಂದಿದ್ದವರೆಲ್ಲ ಪರಸೀಮೆಯವರಾಗಿಯೇ ಕಾಣುತ್ತಾರೆ.

ಪಕ್ಕದ ಮನೆಯ ಮುರ್ತುಜಾಸಾಬ ಗಾಡಿ ಹೊಡೆಯುವವನು. ಸೊಕ್ಕೆಯ ಶೇಂಗಾವನ್ನೆಲ್ಲ ದಾವಣಗೆರೆಗೆ ಮುಟ್ಟಿಸುವುದು ಅವನ ಕೆಲಸ, ಬೆನಕಪ್ಪನ ಕಾಲೆಳೆಯುವುದು ಬಿಡುವಿನ ಕೆಲಸ. ನಿಮ್ಮ ಮನೆದೇವರು ಕೊಟ್ಟೂರಿನವನಲ್ಲವೇ, ಕೊಟ್ಟೂರು ಇರುವುದು ಆಚೆ ಸೀಮೆಯಲ್ಲಲ್ಲವೇ, ವರ್ಷವರ್ಷವೂ ನಡೆದು ಹೋಗಿ ಅಲ್ಲಿನ ಪ್ರಸಾದ ಉಂಡು ಬರುತ್ತೀರಲ್ಲ ಎಂದು ಅವನು ಕೇಳಿದರೆ, ದೇವರ ವಿಚಾರ ಬೇರೆ ಎಂದು ಬೆನಕಪ್ಪ ಎಲೆಅಡಿಕೆ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಒಳಗಿನಿಂದ ಶಿವಗಂಗಮ್ಮ, ನಾನೂ ಹೊನ್ನಾಳಿಯಿಂದ ಬಂದವಳು, ನನಗೂ ಒಂದು ಬೇಲಿ ಹಾಕಿಸಿಬಿಡಲಿ, ತವರಲ್ಲಾದರೂ ಸುಖವಾಗಿರುತ್ತೇನೆ ಎನ್ನುತ್ತಿದ್ದಳು.

ಆ ವರ್ಷ ಡಿಪೋ ನೋಡಲು ಬಂದ ಕಂದಾಯ ಇಲಾಖೆಯ ಹೊಸ ಶೇಕದಾರರ ಮುಂದೆ ಬೆನಕಪ್ಪ ಊರಿನ ಪರವಾಗಿ ಇದನ್ನೆಲ್ಲ ಒದರಿದ. ಶೇಕದಾರರಿಗೂ ಏನಾದರೊಂದು ಮಾಡಿ ತೋರಿಸಬೇಕಿತ್ತು. ಮುಂದಿನ ವಾರವೇ ಡಂಗುರ ಬಿತ್ತು: ಪರಸೀಮೆಯವರನ್ನು ಕೂಲಿಗೆ ಇಟ್ಟುಕೊಳ್ಳಬಾರದು, ಇಟ್ಟುಕೊಂಡವರಿಗೆ ದಂಡ, ಒಂದು ಹಿಡಿ ಕಾಳೂ ಹಳ್ಳ ದಾಟಬಾರದು. ಹಳ್ಳದ ದಂಡೆಯಲ್ಲಿ ಬಿದಿರು ಗಳ ಅಡ್ಡ ಕಟ್ಟಿ ನಾಕಾ ಮಾಡಿದರು. ನೋಡಿ ಕಲಿತರೋ ಏನೋ, ಆಚೆಯವರೂ ತಮ್ಮ ಕಡೆ ಒಂದು ಗಳ ಕಟ್ಟಿದರು. ಬೆನಕಪ್ಪ ಮೂರು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ, ಬಿದಿರು ಅವನ ಮನೆಯಿಂದಲೇ ಹೋಗಿತ್ತು.

ಅಷ್ಟರಲ್ಲಿ ಶೇಂಗಾ ಬಲಿಯಿತು. ಕೆಂಪು ಮಣ್ಣಿನ ಹೊಲ ಅದು. ಹಸಿ ಇರುವಾಗಲೇ ಗಿಡ ಕೀಳಬೇಕು. ನೆಲ ಒಣಗಿ ಬಿಗಿಯಿತೆಂದರೆ ಬಳ್ಳಿ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಊರಿನ ಗಟ್ಟಿ ಆಳುಗಳೆಲ್ಲ ದಾವಣಗೆರೆ ಗಿರಣಿಗೋ ಮಿಲಿಟರಿಗೋ ಹೋಗಿ ಆಗಿತ್ತು, ಉಳಿದವರಿಗೆ ತಮ್ಮ ತಮ್ಮ ಶೇಂಗಾ ಕೀಳುವುದೇ ಸಾಕಾಗಿತ್ತು. ಪ್ರತಿ ವರ್ಷ ಬೆನಕಪ್ಪನ ಶೇಂಗಾ ಕೀಳುತ್ತಿದ್ದವರು ಯಾರು ಅಂದಿರಿ? ಹಳ್ಳದಾಚೆಯ ಗಾದ್ರಮ್ಮ ಮತ್ತು ಅವಳ ಜೊತೆಯ ಹೆಂಗಸರು. ಬಾಯಿಗೆ ಬಂದದ್ದನ್ನು ಆಡುವಾಗ ಈ ಒಂದು ಸಂಗತಿ ಮಾತ್ರ ಅವನ ತಲೆಗೆ ಹೊಳೆದೇ ಇರಲಿಲ್ಲ.

ಗಂಡ ಹೆಂಡತಿ ಇಬ್ಬರೇ ಹೊಲಕ್ಕಿಳಿದರು. ಸಂಜೆ ಹೊತ್ತಿಗೆ ಬೆನಕಪ್ಪನ ಉಗುರಿನ ಸಂದಿ ರಕ್ತ, ಶಿವಗಂಗಮ್ಮನ ಸೊಂಟ ಬಿಲ್ಲು. ಹೊಲ ನೋಡಿದರೆ ಇಲಿ ಕೆದರಿದಷ್ಟೂ ಆಗಿರಲಿಲ್ಲ. ಶೇಕದಾರರನ್ನೇ ಕರೆಸೋಣವೇ ಎಂದು ಮುರ್ತುಜಾಸಾಬ ಬದುವಿನ ಮೇಲಿಂದ ವಿಚಾರಿಸಿದ. ಬೆನಕಪ್ಪನ ವರ್ಷದ ಬದುಕು ಮಣ್ಣಲ್ಲಿ ಹೂತಿತ್ತು, ಮೇಲೆ ಬಿಸಿಲು ಕಾಯುತ್ತಿತ್ತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಗಾದ್ರಮ್ಮನ ಹೆಂಗಸರು ಆಗಲೇ ಹೊಲದಲ್ಲಿ ಸಾಲು ಹಿಡಿದು ಕೂತಿದ್ದಾರೆ. ನಾಕಾ ತಪ್ಪಿಸಿ ಮೇಲ್ದಂಡೆಯಲ್ಲಿ ಹಳ್ಳ ದಾಟಿ ಬಂದಿದ್ದರು. ಯಾರೂ ಕರೆದಿರಲಿಲ್ಲ, ಹಂಗಾಮು ಬಂತೆಂದು ಬಂದಿದ್ದರು, ಅಷ್ಟೇ. ಡಂಗುರ ಹಾಕಿಸಿದ ಪುಣ್ಯಾತ್ಮ ಯಾರೆಂಬುದು ಗಾದ್ರಮ್ಮನಿಗೆ ತಿಳಿಯದ್ದೇನಲ್ಲ. ತಿಳಿದೂ ತಿಳಿಯದವಳ ಹಾಗೆ ಕಾಯಿ ಕೊಡವುತ್ತಿದ್ದಳು.

ಅರ್ಧ ಹೊಲ ಮುಗಿಯುವ ಹೊತ್ತಿಗೆ ಶೇಕದಾರರ ಸೈಕಲ್ಲು ಬದುವಿಗೆ ಬಂದು ನಿಂತಿತು. ಕೂಲಿಗೆ ಇಟ್ಟುಕೊಂಡಿದ್ದೀರಾ, ಇವರೆಲ್ಲ ಎಲ್ಲಿಯವರು ಎಂದು ಕೇಳಿದರು. ಹೆಂಗಸರ ಕೈಗಳು ನಿಂತವು. ಹೂಂ ಅಂದರೆ ಇವರು ಈಗಲೇ ಎದ್ದು ಹೋಗಬೇಕು, ಉಳಿದರ್ಧ ಹೊಲ ಮಣ್ಣುಪಾಲು. ಬೆನಕಪ್ಪನ ಬಾಯಿ ಜನ್ಮದಲ್ಲಿ ಮೊದಲ ಸಲ ಒಣಗಿತು. ಒಣಗಿದ್ದರೂ ಸುಮ್ಮನಿರಲಿಲ್ಲ.

"ಕೂಲಿಯವ್ರಲ್ಲ ಸ್ವಾಮಿ. ಮುಯ್ಯಾಳು," ಅಂದುಬಿಟ್ಟ.

ಮುಯ್ಯಾಳು ಎಂದರೆ ಆ ಕಡೆ ಹುಡುಗಾಟದ ಮಾತಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಕೂಲಿಯಿಲ್ಲ, ಕಾಳಿಲ್ಲ, ಆಳಿಗೆ ಆಳು. ಮುಯ್ಯಿ ಹಿಡಿದು ತೀರಿಸದವನ ಹೊಲಕ್ಕೆ ಆಮೇಲೆ ನರಪಿಳ್ಳೆಯೂ ಕಾಲಿಡುವುದಿಲ್ಲ. ಶೇಕದಾರರೂ ಒಕ್ಕಲು ಮನೆಯವರೇ ಇರಬೇಕು, ಮೀಸೆಯಡಿ ನಕ್ಕರು. ಮುಯ್ಯಿಗೆ ಸರ್ಕಾರದ ಅಡ್ಡಿಯಿಲ್ಲ, ಆದರೆ ನೀವು ಇವರ ಹೊಲಕ್ಕೆ ಹೋಗುವುದು ಯಾವಾಗ ಎಂದು ಕೇಳಿದರು. ಬೆನಕಪ್ಪ ತಡವರಿಸುವಷ್ಟರಲ್ಲಿ ಗಾದ್ರಮ್ಮ ಎದ್ದು ನಿಂತು ಸೆರಗು ಹೊದ್ದುಕೊಂಡಳು.

"ಸಂಕ್ರಾಂತಿ ಕಳೀಲಿ ಸ್ವಾಮಿ, ನಮ್ಮ ಜ್ವಾಳ ಕೊಯ್ಲಿಗೆ ಬರ್ತಾರೆ. ಮಾತಾಗೈತೆ."

ಶೇಕದಾರರು ಹೋದರು. ಹೊಲವೂ ಮುಗಿಯಿತು. ಗಂಡಾಂತರ ಕಳೆಯಿತೆಂದು ಬೆನಕಪ್ಪ ಎಂದಿನಂತೆ ಜೋಳ ಅಳೆಯಲು ಕೂತರೆ ಗಾದ್ರಮ್ಮ ಸೆರಗು ಒಡ್ಡಲೇ ಇಲ್ಲ. ಶೇಕದಾರರ ಕಣ್ಣಿಗೆ ಮಣ್ಣೆರಚಲು ಆಡಿದ ಮಾತದು, ಅದನ್ನೇನು ಹಿಡಿದು ಕೂರುತ್ತೀಯ ಎಂದು ಅವನು ನಗಾಡಿದ. ಅವಳು ನಗಲಿಲ್ಲ.

"ಜ್ವಾಳ ಕೊಟ್ರೆ ನಾಕಾದಾಗ ಕಿತ್ಕಂತಾರ್ರೀ ಯಜಮಾನ್ರೆ. ನಿಮ್ಮ ಕೈ ಕೊಡ್ರಿ. ಅದನ್ನ ಯಾರೂ ಕಿತ್ಕಣಾಕೆ ಆಗಲ್ಲ."

ಸೊಕ್ಕೆಯ ದೊಡ್ಡ ಹೊಲದ ಒಡೆಯ ಹಳ್ಳ ದಾಟಿ ಹೋಗಿ ಕುಡುಗೋಲು ಹಿಡಿಯುವುದೇ! ಸಂಕ್ರಾಂತಿ ಹತ್ತಿರ ಬಂದಂತೆ ಬೆನಕಪ್ಪನ ಮೈಯ ಒಂದೊಂದೇ ಭಾಗ ನೋಯತೊಡಗಿತು. ಮೊದಲು ಮಂಡಿ, ಆಮೇಲೆ ಭುಜ, ಕೊನೆಗೆ ಯಾರಿಗೂ ತೋರಿಸಲಾಗದ ಎಲ್ಲೋ ಒಂದು ಕಡೆ. ಶಿವಗಂಗಮ್ಮ ಎಲ್ಲಕ್ಕೂ ಸೇರಿಸಿ ಬೇವಿನ ಕಷಾಯ ಕಾಸಿ ಕುಡಿಸಿದಳು. ಕುರಿಯವರ ಕೈಲಿ ಗಾದ್ರಮ್ಮ ಹೇಳಿಕಳಿಸಿದ ದಿನ ರೊಟ್ಟಿ ಬುತ್ತಿ ಕಟ್ಟಿ ತಾನೇ ಕುಡುಗೋಲು ಮಸೆಯುತ್ತ ಕೂತಳು. ಯಜಮಾನರು ಮಲಗಿರಲಿ, ಮುಂದಿನ ವರ್ಷ ಶೇಂಗಾ ಕೀಳುವುದಕ್ಕೆ ಕಷಾಯವನ್ನೇ ಕರೆದುಕೊಂಡು ಬರಲಿ ಎಂದಳು. ಬೆನಕಪ್ಪ ಕಂಬಳಿ ಕೊಡವಿ ಎದ್ದ. ಅಷ್ಟೂ ಆಳಿನ ಮುಯ್ಯಿ ಇಬ್ಬರಿಂದ ತೀರುವುದಲ್ಲವೆಂದು ಕೇರಿಯವರ ಕಾಲು ಹಿಡಿದು ಒಪ್ಪಿಸಿದ. ಈ ಚೆಂದ ನೋಡಲು ತಾನು ಬರದಿದ್ದರೆ ಹೇಗೆಂದು ಮುರ್ತುಜಾಸಾಬ ಗಾಡಿ ಹೂಡಿದ.

ಆಚೆ ದಂಡೆಯ ಗಳದ ಹತ್ತಿರ ಅಲ್ಲಿನ ಪೇದೆ ತಡೆದ. ಕೂಲಿಗೆ ಬಂದಿರೇನು, ನಮ್ಮ ಕಡೆಯೇ ಅನ್ನಕ್ಕಿಲ್ಲ, ತಿರುಗಿ ನಡೆಯಿರಿ ಅಂದ. ಕೂಲಿ ಎಂಬ ಮಾತಿಗೆ ಬೆನಕಪ್ಪನ ಮೈ ಉರಿಯಿತು. ತನಗೆ ಎಷ್ಟು ಕೂರಿಗೆ ಹೊಲವಿದೆ, ಎಷ್ಟು ಜೋಡಿ ಎತ್ತಿವೆ, ತನ್ನಜ್ಜ ಊರಿಗೆ ಏನು ಕಟ್ಟಿಸಿದ ಎಲ್ಲ ಹೇಳಿದ. ಬಂದವರೆಲ್ಲ ಹೀಗೇ ಹೇಳುತ್ತಾರೆಂದು ಪೇದೆ ಆಕಳಿಸಿದ. ಬುತ್ತಿ ಬಿಚ್ಚಿಸಿದ, ರೊಟ್ಟಿಯ ನಡುವೆ ಕಾಳು ಬಚ್ಚಿಟ್ಟಿದ್ದಾರೋ ಎಂದು ಒಂದೊಂದನ್ನೇ ಎತ್ತಿ ನೋಡಿದ, ಶಿವಗಂಗಮ್ಮನ ಸೆರಗಿನ ಗಂಟನ್ನೂ ಬಿಚ್ಚಿಸಿದ. ಅದರಲ್ಲಿದ್ದದ್ದು ಎರಡು ಅಡಿಕೆ ಹೋಳು. ಹೆಂಡತಿ ತಲೆ ತಗ್ಗಿಸಿ ಗಂಟು ಮತ್ತೆ ಕಟ್ಟಿಕೊಳ್ಳುವುದನ್ನು ಬೆನಕಪ್ಪ ನೋಡಿದ. ಎಲ್ಲರೂ ಬಿಸಿಲಲ್ಲಿ ಕೂತರು. ಮುರ್ತುಜಾಸಾಬನೂ ತಮಾಷೆ ಮಾಡಲಿಲ್ಲ.

ಗಾದ್ರಮ್ಮ ಓಡೋಡುತ್ತ ಬಂದಳು. ಇವರು ನಮ್ಮ ಮುಯ್ಯಾಳು, ನಮ್ಮ ಬಳಗ, ನಾನು ಹೊಣೆ ಎಂದು ಪೇದೆಗೆ ಕೈ ಮುಗಿದಳು. ಹೀಗೆ ಕೈ ಮುಗಿಯುವುದು ಅವಳಿಗೆ ಹೊಸದಾಗಿರಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ಈಚೆ ದಂಡೆಯಲ್ಲಿ ತನ್ನ ಬಿದಿರಿನ ಗಳದ ಮುಂದೆ ಯಾರು ಯಾರು ಹೀಗೆ ಗಂಟು ಬಿಚ್ಚಿ ತೋರಿಸಿದ್ದಾರೋ ಎಂದು ಬೆನಕಪ್ಪನಿಗೆ ಅನಿಸಿತು. ಅವನಿಗೆ ನಾಚಿಕೆಯಾಯಿತು. ದಾರಿಯುದ್ದಕ್ಕೂ ಮಾತಾಡಲಿಲ್ಲ, ಅವನಿಗೆ ಮೈಯಲ್ಲಿ ನಿಜವಾಗಿಯೂ ಏನೋ ಕೆಟ್ಟಿದೆ ಎಂದು ಶಿವಗಂಗಮ್ಮ ಹೆದರಿದಳು.

ಗಾದ್ರಮ್ಮನ ಮನೆಯಲ್ಲಿದ್ದದ್ದು ಅವಳು ಮತ್ತು ಬಸುರಿ ಸೊಸೆ. ಮಗ ದಂಡಿಗೆ ಹೋದವನು ಎಲ್ಲಿದ್ದಾನೆಂದು ಗೊತ್ತಿಲ್ಲ. ಸೊಕ್ಕೆಯಲ್ಲಿ ಶೇಂಗಾ ಕಿತ್ತು ತಂದ ಜೋಳದಿಂದಲೇ ಬೇಸಿಗೆ ಕಳೆಯುತ್ತಿದ್ದ ಮನೆ ಅದು. ಈ ಸಲ ಅದಿಲ್ಲ, ಇರುವುದು ಹೊಲದಲ್ಲಿ ನಿಂತ ಇಷ್ಟು ಜೋಳ, ಅದರ ಮೇಲೆ ಅಷ್ಟು ಹಕ್ಕಿ. ಬೆನಕಪ್ಪ ಅಂಗಿ ಬಿಚ್ಚಿ ಸಾಲು ಹಿಡಿದ. ಎಲ್ಲರಿಗಿಂತ ಮುಂದಿದ್ದ ಅನ್ನುವುದು ಸುಳ್ಳು, ಎಲ್ಲರಿಗಿಂತ ಹಿಂದಿದ್ದ, ಆದರೆ ಬಗ್ಗಿದ ಬೆನ್ನು ಎತ್ತಲಿಲ್ಲ.

ಲೆಕ್ಕಕ್ಕೆ ಸರಿಯಾಗಿ ಮುಯ್ಯಿ ತೀರಿದ ಹೊತ್ತಿಗೆ ಇನ್ನೂ ಒಂದು ಪಟ್ಟೆ ಜೋಳ ನಿಂತಿತ್ತು. ಗಾದ್ರಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು, ತೀರಿತು, ಏಳಿರಿ, ಉಳಿದದ್ದನ್ನು ನಾವಿಬ್ಬರು ನೋಡಿಕೊಳ್ಳುತ್ತೇವೆ ಅಂದಳು. ಮುರ್ತುಜಾಸಾಬ ಎತ್ತು ಹೂಡಲು ಹೋದ. ಬೆನಕಪ್ಪ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಉಳಿದ ಪಟ್ಟೆಗೆ ಕುಡುಗೋಲು ಹಾಕಿದ. ಗಾದ್ರಮ್ಮ ಓಡಿಬಂದು ಕುಡುಗೋಲಿಗೆ ಕೈ ಹಾಕಿದಳು. ಹೆಚ್ಚಿಗೆ ಕೊಯ್ದರೆ ತಾನು ಮುಯ್ಯಿ ಹೊತ್ತಂತಾಗುತ್ತದೆ, ನಾಳೆ ಎರಡು ನಾಕಾ ದಾಟಿ ತೀರಿಸುವುದಕ್ಕೆ ಯಾರು ಬಿಡುತ್ತಾರೆ ಎಂದು ಜಗಳಕ್ಕೇ ನಿಂತಳು.

"ಹೊತ್ಕಳ್ಳಲಿ ಅಂತ್ಲೇ ಕೊಯ್ಯಾಕತ್ತೀನಿ ಬಿಡವ್ವ," ಅಂದ ಬೆನಕಪ್ಪ. "ಯಾವನ್ ತಡೀತಾನೋ ತಡೀಲಿ. ಸೊಕ್ಕೆ ಬೆನಕಪ್ಪಂಗೆ ಮುಯ್ಯಿ ಕೊಡಾದು ಬಾಕಿ ಐತೆ ಅಂತ ಹೇಳು. ನಾನೇ ಬಂದು ಗಳ ಎತ್ತತೀನಿ."

ಗಾದ್ರಮ್ಮ ಕುಡುಗೋಲು ಬಿಟ್ಟಳು. ಅತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಶಿವಗಂಗಮ್ಮ ಗಂಡನ ಪಕ್ಕ ಸಾಲು ಹಿಡಿದಿದ್ದಳು, ಮುರ್ತುಜಾಸಾಬ ಎತ್ತುಗಳನ್ನು ಮತ್ತೆ ಮರಕ್ಕೆ ಕಟ್ಟಿ ಬರುತ್ತಿದ್ದ.

"ಅಷ್ಟೂ ಕೊಯ್ಯಬ್ಯಾಡ್ರಿ ಯಜಮಾನ್ರೆ," ಅಂದಳು ಗಾದ್ರಮ್ಮ, ಇನ್ನೂ ಅತ್ತಲೇ ತಿರುಗಿಕೊಂಡು. "ನಂಗೂ ವಯಸ್ಸಾತು. ತೀರ್ಸಾಕೆ ಎಷ್ಟು ವರ್ಷ ಬರಬೇಕಾಗ್ತೈತೋ ಏನೋ."

ಬೆನಕಪ್ಪ ಪಟ್ಟೆಯ ಕೊನೆಯ ದಂಟಿನವರೆಗೂ ಕೊಯ್ದ.